ಒಳಗೆ ಬಿಟ್ಟ ಒಂದೂವರೆ ಇಂಚು

ಅವಳನ್ನು ನಾನು ಮೊದಲು ಕಂಡ ದಿನ ಅವಳು ನನ್ನ ಮುಖವನ್ನು ನೋಡಲೇ ಇಲ್ಲ, ಸೊಂಟವನ್ನು ನೋಡಿದಳು!

ನನಗಾಗ ಇಪ್ಪತ್ತಮೂರು. ಶಾಲೆಯಲ್ಲಿ ಕೆಲಸ ಸಿಕ್ಕಿ ಮೂರು ದಿನವಾಗಿತ್ತು. ಕೈಜಾರಿದ ಸೀಮೆಸುಣ್ಣವನ್ನು ಎತ್ತಿಕೊಳ್ಳಲೆಂದು ಬಗ್ಗಿದೆ ನೋಡಿ, ನನ್ನ ಪ್ಯಾಂಟು ಹಿಂದಿನಿಂದ ಪರ್ರೆಂದು ಹರಿದು ನಲವತ್ತು ಮಕ್ಕಳಿಗೆ ಆ ವರ್ಷಕ್ಕೆ ಸಾಕಾಗುವಷ್ಟು ಮನರಂಜನೆ ಒದಗಿಸಿತು. ಹಾಜರಿ ಪುಸ್ತಕವನ್ನು ಹಿಂಬದಿಗೆ ಅಡ್ಡ ಹಿಡಿದು, ಏಡಿಯ ಹಾಗೆ ಗೋಡೆಗುಂಟ ಸರಿಯುತ್ತಾ, ಶಾಲೆಯ ಎದುರಿಗಿದ್ದ ಹೊಲಿಗೆ ಅಂಗಡಿಯನ್ನು ಹೊಕ್ಕೆ. ಯಜಮಾನರು ಊಟಕ್ಕೆ ಹೋಗಿದ್ದರು. ಯಂತ್ರದ ಹಿಂದೆ ಅವರ ಮಗಳು ಕುಳಿತಿದ್ದಳು.

"ತಿರುಗಿ," ಎಂದಳು.

"ನಾನು ಎದುರು ಶಾಲೆಯ ಹೊಸ ಮೇಷ್ಟ್ರು," ಎಂದೆ, ಇದ್ದಬದ್ದ ಗಾಂಭೀರ್ಯವನ್ನೆಲ್ಲ ಒಟ್ಟುಗೂಡಿಸಿ.

"ಮೇಷ್ಟ್ರಾದ್ರೂ ತಿರುಗಲೇಬೇಕು. ಹರಿದಿರೋದು ಹಿಂದೆ."

ತಿರುಗಿದೆ. ನೋಡಿದಳು. "ಇದು ಹೊಲಿಯೋ ಹಾಗಿಲ್ಲ, ಹೊಸದೇ ಆಗಬೇಕು," ಎಂದು ತೀರ್ಪು ಕೊಟ್ಟು, ಟೇಪನ್ನು ಸೊಂಟದ ಸುತ್ತ ಬಳಸಿದಳು. "ಇಪ್ಪತ್ತೆಂಟು... ಉಸಿರು ಬಿಡಿ ಮೇಷ್ಟ್ರೇ... ಮೂವತ್ತು!"

ಉದ್ದನೆಯ ಅಳತೆ ಪುಸ್ತಕವೊಂದನ್ನು ತೆರೆದು 'ಮೇಷ್ಟ್ರು – ಸೊಂಟ ೩೦' ಎಂದು ಬರೆದುಕೊಂಡಳು. ಇಣುಕಿ ನೋಡಿದೆ. ಆ ಪುಸ್ತಕದಲ್ಲಿ ಒಂದಾದರೂ ಹೆಸರಿಲ್ಲ! 'ಅಂಚೆಯವರು', 'ಬೇಕರಿ ಅಣ್ಣ', 'ನರ್ಸಕ್ಕ', 'ಕೆಮ್ಮೋ ತಾತ', ಹೀಗೆ.

"ಹೆಸರು ಬರೆದುಕೊಳ್ಳೋದಿಲ್ವಾ?"

"ಹೆಸರಿಗೆ ಯಾರು ಬಟ್ಟೆ ಹೊಲೀತಾರೆ? ಮೈಗೆ ಹೊಲೀತೀವಿ."

ನಾಲ್ಕು ದಿನ ಬಿಟ್ಟು ಪ್ಯಾಂಟು ಕೈಗೆ ಕೊಡುವಾಗ ಒಳಮಗ್ಗುಲನ್ನು ಹೊರಳಿಸಿ ತೋರಿಸಿದಳು. ಹೊಲಿಗೆಯ ಆಚೆಗೆ ಒಂದು ಪಟ್ಟಿ ಬಟ್ಟೆ ಸುಮ್ಮನೆ ಮಡಚಿ ಮಲಗಿತ್ತು. "ಒಳಗೆ ಒಂದೂವರೆ ಇಂಚು ಬಿಟ್ಟಿದೀನಿ. ಮುಂದೆ ದಪ್ಪ ಆದ್ರೆ ಬಿಚ್ಚಿಕೊಡ್ತೀನಿ, ತನ್ನಿ."

"ನಾನು ದಪ್ಪ ಆಗೋದಿಲ್ಲ!"

"ನಾಳೆ ಅಂತ ಒಂದು ಇರುತ್ತೆ ಮೇಷ್ಟ್ರೇ. ಅದಕ್ಕೂ ಸ್ವಲ್ಪ ಬಟ್ಟೆ ಬಿಡಬೇಕು."

ಅಂಥ ಮಾತಾಡುವವಳನ್ನು ಬಿಟ್ಟು ಬರಲಾಗುತ್ತದೆಯೇ? ಒಂದೂವರೆ ವರ್ಷದಲ್ಲಿ ಮದುವೆಯಾದೆ. ಮದುವೆಯಾದ ಮೇಲೂ ಅವಳು ನನ್ನನ್ನು ಮೇಷ್ಟ್ರೇ ಎಂದೇ ಕರೆದಳು. ಅವಳ ತಂದೆಯ ಕಾಲಾನಂತರ ಹೊಲಿಗೆಯಂತ್ರ ನಮ್ಮ ಮನೆಯ ಮುಂದಿನ ಕೋಣೆಗೆ ಬಂತು. ಅದರೊಂದಿಗೆ ಅಳತೆ ಪುಸ್ತಕವೂ ಬಂತು. ನನ್ನ ಪುಟದಲ್ಲಿ ಮೂವತ್ತು ಮೂವತ್ತೆರಡಾಯಿತು, ಮೂವತ್ತನಾಲ್ಕಾಯಿತು. ನಿವೃತ್ತಿಯ ದಿನಕ್ಕೆ ಸರಿಯಾಗಿ ಮೂವತ್ತೆಂಟು. ಪ್ರತಿ ಸಲವೂ ಒಳಗಿನ ಪಟ್ಟಿಯನ್ನು ಬಿಚ್ಚಿ ನನ್ನ ಮಾನ ಕಾಪಾಡಿದ್ದು ಅವಳೇ.

ಇಷ್ಟು ಪೀಠಿಕೆ ಸಾಕು. ಇನ್ನು ನನ್ನ ಮಹಾಸಂಕಲ್ಪಕ್ಕೆ ಬರುತ್ತೇನೆ.

ನಿವೃತ್ತನಾಗಿ ಎರಡು ವರ್ಷಗಳಾದ ಮೇಲೆ ನನಗೆ ಎದೆಯುರಿ ಹತ್ತಿಕೊಂಡಿತು. ಉಂಡದ್ದು ಗಂಟಲಿಗೆ ಹುಳಿಹುಳಿಯಾಗಿ ಮರಳುತ್ತಿತ್ತು. ಬಗ್ಗಿ ಚಪ್ಪಲಿ ಹಾಕಿಕೊಂಡರೂ ಬೆಂಕಿ, ಮಲಗಿದರೂ ಬೆಂಕಿ. ಹೃದಯವೇ ಕೈಕೊಟ್ಟಿತೆಂದು ಹೆದರಿ ಡಾಕ್ಟರಮ್ಮನ ಬಳಿಗೆ ಹೋದೆ. ಗಂಟಲಲ್ಲಿ ಕೊಳವೆ ಇಳಿಸಿ ನೋಡಿ, "ಹೃದಯ ಚೆನ್ನಾಗಿದೆ. ಇದು ಹೈಯಾಟಸ್ ಹರ್ನಿಯಾ," ಎಂದರು. ಎದೆಗೂ ಹೊಟ್ಟೆಗೂ ನಡುವೆ ಒಂದು ತೆರೆಯಂಥ ಸ್ನಾಯು ಇರುತ್ತದಂತೆ. ಅದರಲ್ಲೊಂದು ಕಿಂಡಿ. ಆ ಕಿಂಡಿ ಸಡಿಲವಾಗಿ ನನ್ನ ಜಠರದ ಮೇಲ್ಭಾಗ ಎದೆಯೊಳಕ್ಕೆ ಇಣುಕುತ್ತಿದೆಯಂತೆ. ಹಿಂದಿನ ಬೆಂಚಿನ ಹುಡುಗ ಪಕ್ಕದ ತರಗತಿಗೆ ಕತ್ತು ಚಾಚಿದ ಹಾಗೆ! ಮೂವತ್ತೈದು ವರ್ಷ ಅಂಥವರನ್ನು ಕಿವಿ ಹಿಡಿದು ಕೂರಿಸಿದವನು ನಾನು. ನನ್ನದೇ ಜಠರಕ್ಕೆ ಈ ಧೈರ್ಯ ಎಲ್ಲಿಂದ ಬಂತು?

"ಆಪರೇಷನ್ ಏನೂ ಬೇಡ," ಎಂದರು ಡಾಕ್ಟರಮ್ಮ. "ಮಾತ್ರೆ ಕೊಡ್ತೀನಿ. ಆದ್ರೆ ಮುಖ್ಯವಾದದ್ದು ಊಟ, ದಿನಚರಿ. ಅಲ್ಲಿ ಶಿಸ್ತು ಬೇಕು."

ಶಿಸ್ತು! ಯಾರ ಮುಂದೆ ಯಾವ ಮಾತು! ಅಲ್ಲೇ ಎದ್ದು ನಿಂತು ಪ್ರತಿಜ್ಞೆ ಮಾಡಿದೆ: "ಮೂರೇ ತಿಂಗಳು ಡಾಕ್ಟರಮ್ಮ, ಈ ಹೊಟ್ಟೆಯನ್ನು ಅದರ ಜಾಗದಲ್ಲಿ ಕೈಕಟ್ಟಿ ಕೂರಿಸದಿದ್ದರೆ ನಾನು ಮೇಷ್ಟ್ರೇ ಅಲ್ಲ!"

ಮನೆಗೆ ಬಂದವನೇ ದೊಡ್ಡ ಹಾಳೆಯೊಂದನ್ನು ತೆಗೆದು, ದುಂಡಗಿನ ಅಕ್ಷರದಲ್ಲಿ 'ನನ್ನ ಹತ್ತು ನಿಯಮಗಳು' ಎಂದು ಶೀರ್ಷಿಕೆ ಬರೆದು, ಅಡಿಗೆರೆ ಎಳೆದು, ಊಟದ ಮೇಜಿನ ಎದುರಿನ ಗೋಡೆಗೆ ಅಂಟಿಸಿದೆ. ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣ್ಣುವುದು. ಚೆನ್ನಾಗಿ ಅಗಿಯುವುದು. ಕರಿದದ್ದು, ಖಾರ, ಹುಳಿ ನಿಷಿದ್ಧ. ಊಟದ ನಡುವೆ ಮಾತಿಲ್ಲ (ಇದು ನಾಲ್ಕನೆಯದು, ಡಾಕ್ಟರಮ್ಮ ಹೇಳಿದ್ದಲ್ಲ, ನಾನೇ ಸೇರಿಸಿದ್ದು). ಕಾಫಿ, ಚಹಾ, ಚಾಕಲೇಟು ಬಂದ್. ಉಂಡು ಮೂರು ಗಂಟೆ ಮಲಗಕೂಡದು. ಮಂಚದ ತಲೆಕಡೆ ಆರು ಇಂಚು ಎತ್ತರಿಸುವುದು. ಉಂಡ ಮೇಲೆ ಬಗ್ಗಕೂಡದು. ತೂಕ ಇಳಿಸುವುದು, ಸೊಂಟಕ್ಕೆ ಬೆಲ್ಟಾಗಲಿ ಬಿಗಿ ಉಡುಪಾಗಲಿ ಕೂಡದು. ಹತ್ತನೆಯದನ್ನು ಡಾಕ್ಟರಮ್ಮ ಎರಡು ಸಲ ಒತ್ತಿ ಹೇಳಿದ್ದರಿಂದ ಕೆಂಪು ಶಾಯಿಯಲ್ಲಿ ಬರೆದೆ: 'ನುಂಗಲು ಕಷ್ಟವಾದರೆ ಅಥವಾ ಕಾರಣವಿಲ್ಲದೆ ಮೈ ಇಳಿದರೆ ಒಂದು ದಿನವೂ ತಡಮಾಡದೆ ವೈದ್ಯರನ್ನು ಕಾಣುವುದು.'

"ಓದು ನೋಡೋಣ," ಎಂದೆ ನನ್ನವಳಿಗೆ.

ಅವಳು ಹತ್ತನ್ನೂ ಗಟ್ಟಿಯಾಗಿ ಓದಿದಳು. "ಅಕ್ಷರ ಚೆನ್ನಾಗಿದೆ ಮೇಷ್ಟ್ರೇ," ಎಂದಳು.

ಮನೆಯಲ್ಲಿ ನಾವಿಬ್ಬರೇ. ಆದರೂ ವೇಳಾಪಟ್ಟಿ ಹಾಕಿದೆ. ದಿನಕ್ಕೆ ಎಂಟು ಪೀರಿಯಡ್ಡು, ಎಂಟು ಊಟ! ಬೀಳ್ಕೊಡುಗೆಯಲ್ಲಿ ಶಾಲೆಯವರು ಕೊಟ್ಟಿದ್ದ ಹಿತ್ತಾಳೆಯ ಕೈಗಂಟೆ ಕಪಾಟಿನಲ್ಲಿ ದೂಳು ತಿನ್ನುತ್ತಿತ್ತು. ಅದಕ್ಕೂ ಮರುಜನ್ಮ ಬಂತು. ಎರಡು ಗಂಟೆಗೊಮ್ಮೆ ಢಣಢಣ ಬಾರಿಸುವುದು, ಮೇಜಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂರುವುದು, ಚಿಕ್ಕ ಬಟ್ಟಲಲ್ಲಿ ಉಣ್ಣುವುದು. ಬಟ್ಟಲು ಚಿಕ್ಕದೇ. ಅದನ್ನು ಎಷ್ಟು ಸಲ ತುಂಬಬಹುದೆಂದು ಡಾಕ್ಟರಮ್ಮ ಹೇಳಿರಲಿಲ್ಲವಾದ್ದರಿಂದ ಆ ವಿಷಯದಲ್ಲಿ ನನ್ನ ವಿವೇಚನೆಯನ್ನು ಧಾರಾಳವಾಗಿ ಬಳಸಿದೆ!

ಮಂಚದ ತಲೆಕಡೆಯ ಕಾಲುಗಳ ಕೆಳಗೆ ಇಟ್ಟಿಗೆಗಳು ಬಂದವು. ನಾನು ಭಾರದ ಮನುಷ್ಯ, ಇಟ್ಟಲ್ಲೇ ಇರುತ್ತೇನೆ. ಅವಳು ಮೊದಲೇ ಕಡ್ಡಿ. ಬೆಳಗಾಗುವಷ್ಟರಲ್ಲಿ ಜಾರುಬಂಡೆಯಲ್ಲಿ ಜಾರಿದವಳಂತೆ ನನ್ನ ಮೊಣಕಾಲಿನ ಹತ್ತಿರ ಇರುತ್ತಿದ್ದಳು. "ಮೇಷ್ಟ್ರೇ, ನಾಳೆಯಿಂದ ದಿಂಬು ಕಾಲ ಕಡೆಗೇ ಹಾಕ್ಕೋತೀನಿ. ಹೇಗೂ ಅಲ್ಲಿಗೇ ಬರ್ತೀನಲ್ಲ!" ಎಂದಳು. ಮರುದಿನ ಹಾಗೇ ಮಾಡಿದಳು ಕೂಡ.

ಪೂರ್ತಿ ಮನೆಯನ್ನೇ ಪಥ್ಯಕ್ಕೆ ಹಾಕಿದೆ. ಕರಿದದ್ದರ ವಾಸನೆ ಬಂದರೆ ನನ್ನ ಮನಸ್ಸು ಕೆಡುತ್ತದೆಂದು ಬಾಣಲೆಯನ್ನೇ ಅಟ್ಟಕ್ಕೆ ಹಾಕಿಸಿದೆ. ಅವಳಿಗೆ ಚಹಾ ಎಂದರೆ ಪ್ರಾಣ. ಮದುವೆಯಾದಾಗಿನಿಂದ ಸಂಜೆ ನಾಲ್ಕಕ್ಕೆ ಯಂತ್ರ ನಿಲ್ಲಿಸಿ, ನನ್ನೆದುರು ಕುಳಿತು, ಒಂದು ಲೋಟ ಕುಡಿಯುತ್ತಿದ್ದಳು. ಆ ಹೊತ್ತಿನಲ್ಲೇ ನಾವು ಮಾತಾಡುತ್ತಿದ್ದುದು. ಅದನ್ನೂ ನಿಲ್ಲಿಸಿದಳು, "ನೀವು ಕುಡೀದೆ ನಾನೊಬ್ಬಳೇ ಏನು ಕುಡೀಲಿ," ಎಂದಳು. ಎಂಥ ಸಹಧರ್ಮಿಣಿ ಎಂದು ಹಿಗ್ಗಿದೆ. ಸಂಜೆ ನಾಲ್ಕಕ್ಕೆ ಆರನೆಯ ಪೀರಿಯಡ್ಡು ಹಾಕಿಕೊಂಡೆ: ಎರಡು ಬಾಳೆಹಣ್ಣು, ನಾಲ್ಕು ಬಿಸ್ಕತ್ತು.

ಒಂದೊಂದು ಸಲ ನಾನು ಉಣ್ಣುವಾಗ ಅವಳು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. "ಮೇಷ್ಟ್ರೇ, ಒಂದು ಮಾತು..."

ನಾನು ಬಾಯಿ ತುಂಬ ಅಗಿಯುತ್ತಾ, ನಾಲ್ಕನೆಯ ನಿಯಮದ ಕಡೆಗೆ ಬೆರಳು ತೋರಿಸುತ್ತಿದ್ದೆ. ನುಂಗಿದ ಮೇಲೆ, "ಮುಂದಿನ ಪೀರಿಯಡ್ಡು," ಎನ್ನುತ್ತಿದ್ದೆ. ಅವಳು ನಕ್ಕು ಯಂತ್ರದ ಬಳಿಗೆ ಹೋಗುತ್ತಿದ್ದಳು.

"ನಿಂದು ಊಟ ಆಯ್ತಾ?" ಎಂದು ಕೇಳುವುದನ್ನು ಮಾತ್ರ ನಾನು ಮರೆತವನಲ್ಲ.

"ನಂದಾಯ್ತು," ಎನ್ನುತ್ತಿದ್ದಳು.

ಫಲಿತಾಂಶ ಕೇಳಬೇಕೇ? ಒಂದೇ ತಿಂಗಳಲ್ಲಿ ಎದೆಯುರಿ ಅರ್ಧಕ್ಕಿಳಿಯಿತು. ಅದು ಮಾತ್ರೆಯ ಗುಣವೋ ಇಟ್ಟಿಗೆಯ ಗುಣವೋ ತಿಳಿಯದು. ನಾನಂತೂ ಅದನ್ನು ನನ್ನ ಚಾರಿತ್ರ್ಯದ ಗುಣವೆಂದೇ ಲೆಕ್ಕಕ್ಕೆ ತೆಗೆದುಕೊಂಡೆ. ಅದಕ್ಕಿಂತ ದೊಡ್ಡ ಪವಾಡ ಇನ್ನೊಂದಿತ್ತು. ಪ್ಯಾಂಟು ಸಡಿಲವಾಗತೊಡಗಿತು! ಮೊದಲ ವಾರ ಸೊಂಟಪಟ್ಟಿಯೊಳಗೆ ಒಂದು ಬೆರಳು ಸಲೀಸಾಗಿ ಹೋಯಿತು. ಮೂರನೆಯ ವಾರಕ್ಕೆ ಎರಡು ಬೆರಳು. ಎರಡು ತಿಂಗಳಾಗುವಷ್ಟರಲ್ಲಿ ಇಡೀ ಹಸ್ತ!

ಹಾದಿಯಲ್ಲಿ ಸಿಕ್ಕವರಿಗೆಲ್ಲ ತೋರಿಸಿದೆ. ಅಂಚೆಯವರಿಗೆ ತೋರಿಸಿದೆ. ಬೇಕರಿಯ ಮುಂದೆ ನಿಂತು, "ಏನೂ ಬೇಡ; ಸುಮ್ಮನೆ ಇದನ್ನು ತೋರಿಸಲು ಬಂದೆ," ಎಂದು ಕೈ ತೂರಿಸಿ ತೋರಿಸಿದೆ. ನನ್ನ ಹಳೆಯ ಸಹೋದ್ಯೋಗಿ ಡ್ರಿಲ್ ಮೇಷ್ಟ್ರು ಮಾತ್ರ ಅನುಮಾನದಿಂದ ನೋಡಿದರು. ಆತ ನಿವೃತ್ತನಾದರೂ ಕೊರಳಲ್ಲಿ ಪೀಪಿ ನೇತುಹಾಕಿಕೊಂಡೇ ತಿರುಗುವ ಆಸಾಮಿ.

"ಮುಖ ನೋಡಿದ್ರೆ ಕುಂಬಳಕಾಯಿ ಆಗಿದೆ. ತೂಕ ನೋಡಿಸಿದ್ಯೇನಯ್ಯಾ?"

"ತೂಕದ ಯಂತ್ರ ಸುಳ್ಳು ಹೇಳಬಹುದು," ಎಂದೆ ನಾನು, "ಪ್ಯಾಂಟು ಸುಳ್ಳು ಹೇಳೋದಿಲ್ಲ!"

ಆ ವಾಕ್ಯ ನನಗೇ ಎಷ್ಟು ಹಿಡಿಸಿತೆಂದರೆ, ನಿವೃತ್ತ ಅಧ್ಯಾಪಕರ ಸಂಘದ ಮಾಸಿಕ ಸಭೆಯಲ್ಲಿ ಅದನ್ನೇ ಇಟ್ಟುಕೊಂಡು ಒಂದು ಉಪನ್ಯಾಸ ಕೊಡುತ್ತೇನೆಂದು ಮುಂದಾದೆ. ವಿಷಯ: 'ಹೊಟ್ಟೆಯನ್ನು ಗೆದ್ದ ಬಗೆ'.

ವಾಚನಾಲಯದ ಮೇಲಿನ ಕೋಣೆ. ಮೂವತ್ತು ಕುರ್ಚಿ, ಮೂವತ್ತು ಬೋಳು ಅಥವಾ ನರೆತ ತಲೆ, ಮುಂದಿನ ಸಾಲಿನಲ್ಲಿ ನಮ್ಮ ಹಳೆಯ ಮುಖ್ಯೋಪಾಧ್ಯಾಯಿನಿ. ಆಕೆಗೆ ಎಂಬತ್ತೊಂದು, ಇಂದಿಗೂ ಆಕೆ ಕನ್ನಡಕ ಸರಿಸಿದರೆ ನಾನು ಕೈಕಟ್ಟಿ ನಿಲ್ಲುತ್ತೇನೆ. ಇಪ್ಪತ್ತು ನಿಮಿಷ ಗುಡುಗಿದೆ. ಕಿಂಡಿ, ಜಠರ, ಇಟ್ಟಿಗೆ, ಬಟ್ಟಲು, ಒಂದನ್ನೂ ಬಿಡಲಿಲ್ಲ. ಹತ್ತು ನಿಯಮಗಳನ್ನು ಕಂಠಪಾಠವಾಗಿ ಒಪ್ಪಿಸಿದೆ. ಹತ್ತನೆಯದನ್ನು ಎಲ್ಲರ ಕೈಲೂ ಹೇಳಿಸಿದೆ. ಕೊನೆಗೆ, "ಮಿತ್ರರೇ! ಇದೆಲ್ಲ ಸಾಧ್ಯವಾದದ್ದು ಒಂದೇ ಒಂದು ಗುಣದಿಂದ. ಅದೇ ಸಂಯಮ!" ಎಂದು ಎರಡೂ ಕೈಗಳನ್ನು ಆಕಾಶಕ್ಕೆತ್ತಿದೆ.

ಅಲ್ಲಿಯವರೆಗೆ ಒಂದು ಕೈ ಪ್ಯಾಂಟನ್ನು ಹಿಡಿದುಕೊಂಡಿತ್ತೆಂಬುದು ನನಗೆ ನೆನಪಾದದ್ದು ಆಮೇಲೆ.

ಪರದೆ ಇಳಿಯುವುದೆಂದರೆ ಏನೆಂದು ನಾಟಕ ಮಾಡಿಸಿದವನಿಗೆ ಗೊತ್ತು. ಆದರೆ ಹೀಗೆ, ಒಂದೇ ಸಲಕ್ಕೆ, ಸದ್ದಿಲ್ಲದೆ, ಪಾದದವರೆಗೆ! ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ಮೇಷ್ಟ್ರೇ, ಉಪಸಂಹಾರ ದೀರ್ಘವಾಯಿತು," ಎಂದರು.

ಡ್ರಿಲ್ ಮೇಷ್ಟ್ರು ಓಡಿ ಬಂದು, ತಮ್ಮ ಪೀಪಿಯ ದಾರವನ್ನು ನನ್ನ ಸೊಂಟಕ್ಕೆ ಬಿಗಿದು, ಕೆಳಗಿನ ಔಷಧದಂಗಡಿಗೆ ಎಳೆದೊಯ್ದು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಎರಡೂವರೆ ತಿಂಗಳ ಘೋರ ತಪಸ್ಸಿನಿಂದ ನಾನು ನಾಲ್ಕು ಕಿಲೋ ಹೆಚ್ಚಾಗಿದ್ದೆ!

"ಯಂತ್ರ ಸುಳ್ಳು ಹೇಳಬಹುದು ಕಣಯ್ಯಾ," ಎಂದು ಡ್ರಿಲ್ ಮೇಷ್ಟ್ರು ಬೆನ್ನು ತಟ್ಟಿದರು.

ಕೆಂಡವಾಗಿ ಮನೆಗೆ ಬಂದೆ. ಮಧ್ಯಾಹ್ನದ ಹೊತ್ತು. ಅವಳು ಕಿಟಕಿಯ ಪಕ್ಕ ಯಂತ್ರದ ಮುಂದಿದ್ದಳು.

"ಏನ್ ಮೇಷ್ಟ್ರೇ, ಸೊಂಟಕ್ಕೆ ಪೀಪಿ ಕಟ್ಟಿಕೊಂಡಿದೀರಿ?"

"ತಮಾಷೆ ಬೇಡ! ನನ್ನ ಪ್ಯಾಂಟಿಗೆ ಏನು ಮಾಡಿದ್ದೀಯ?"

ತುಳಿಯುವುದನ್ನು ನಿಲ್ಲಿಸಿದಳು. "ಬಿತ್ತಾ?"

"ಬಿತ್ತು!"

"ಪೂರ್ತಿ?"

"ಪೂರ್ತಿ! ಅದೂ 'ಸಂಯಮ' ಅನ್ನೋ ಹೊತ್ತಿಗೆ!"

ಅವಳು ನಕ್ಕಳು. ಯಂತ್ರದ ಮೇಲೆ ಹಣೆಯಿಟ್ಟು, ಭುಜ ಕುಲುಕಿಸಿ ನಕ್ಕಳು. ನಗು ಕೆಮ್ಮಾಯಿತು. ಪಕ್ಕದ ಲೋಟದಿಂದ ಒಂದು ಗುಟುಕು ನೀರು ಕುಡಿದು, ಎದೆಯ ನಡುವೆ ಕೈಯಿಟ್ಟು, ಕಣ್ಣು ಮುಚ್ಚಿ ಕಾದಳು. ಮೆಟ್ಟಿಲಿಳಿದು ಬರುವ ಮುದುಕರಿಗಾಗಿ ಬಾಗಿಲಲ್ಲಿ ನಿಂತು ಕಾಯುತ್ತೇವಲ್ಲ, ಹಾಗೆ. ಅದು ನನಗೆ ಕಂಡಿತು. ಆದರೆ ನನ್ನ ಗಮನವೆಲ್ಲ ಪ್ಯಾಂಟಿನ ಮೇಲಿತ್ತು.

"ಡಾಕ್ಟರಮ್ಮ ಬಿಗಿ ಕೂಡದು ಅಂದಿದ್ರಲ್ಲ," ಎಂದಳು ಆಮೇಲೆ. "ನಿಮಗೆ ದಿನಕ್ಕೆ ದಿನ ಬಿಗಿ ಆಗ್ತಾ ಇತ್ತು. ಶನಿವಾರ ಬಿಟ್ಟು ಶನಿವಾರ, ನೀವು ಮಧ್ಯಾಹ್ನ ಕುರ್ಚೀಲಿ ತೂಕಡಿಸ್ತೀರಲ್ಲ, ಆಗ ಟೇಪು ಹಿಡಿದು ನೋಡ್ತಿದ್ದೆ. ಒಳಗೆ ಬಿಟ್ಟದ್ದನ್ನು ಅರ್ಧರ್ಧ ಇಂಚು ಬಿಚ್ಚುತಾ ಬಂದೆ. ಅದು ಮುಗಿದ ಮೇಲೆ ಹಿಂದೆ ಒಂದು ಪಟ್ಟಿ ಕೊಟ್ಟೆ. ನಿಮ್ಮ ಸೊಂಟ ಎಷ್ಟು ಬೆಳೀಬಹುದು ಅಂತ ಸ್ವಲ್ಪ ಮುಂದಾಲೋಚನೇನೂ ಮಾಡಿದೆ."

"ಹೇಳೋದಲ್ವಾ!"

"ಮೊದಲ ದಿನಾನೇ ಹೇಳೋಣ ಅಂತಿದ್ದೆ. ನೀವು ಬೆರಳು ತೂರಿಸಿಕೊಂಡು ಅಷ್ಟು ಸಂತೋಷದಲ್ಲಿ ಬಂದ್ರಿ. ಹೇಗೆ ಹೇಳ್ಲಿ?"

"ಎಲ್ಲಿ, ಆ ಪುಸ್ತಕ ಕೊಡು," ಎಂದೆ. ಸಾಕ್ಷ್ಯವಿಲ್ಲದೆ ಒಪ್ಪುವವನು ನಾನಲ್ಲ.

ಅವಳು ತಡೆದಳು. "ಅದೆಲ್ಲ ಯಾಕೀಗ? ನಾನೇ ಓದಿ ಹೇಳ್ತೀನಿ." ನಾನು ಕೈಚಾಚಿ ಎತ್ತಿಕೊಂಡೆ. ಎಡಗಡೆಯ ಪುಟದಲ್ಲಿ 'ಮೇಷ್ಟ್ರು'. ಕೆಳಗೆ ಶನಿವಾರದ ದಿನಾಂಕಗಳು: ೩೮, ೩೮½, ೩೯, ೩೯½, ೪೦, ೪೧. ನನ್ನ ಅಪಜಯದ ಇತಿಹಾಸ, ಅವಳ ಸಣ್ಣ ಅಕ್ಷರಗಳಲ್ಲಿ.

ಎದುರಿನ ಪುಟವನ್ನು ಸುಮ್ಮನೆ ನೋಡಿದೆ. ಅಲ್ಲಿಯೂ ಅವೇ ದಿನಾಂಕಗಳಿದ್ದವು. ಎದೆಯ ಅಳತೆ. ೩೬, ೩೫½, ೩೫, ೩೪, ೩೩, ೩೨.

ಎಡಪುಟದಲ್ಲಿ ನಾನು ಏರುತ್ತಿದ್ದೆ. ಬಲಪುಟದಲ್ಲಿ ಯಾರೋ ಇಳಿಯುತ್ತಿದ್ದರು.

"ಇದು ಯಾರದು?"

"ಯಾವುದೋ ಗಿರಾಕಿ."

ಮೇಲೆ ನೋಡಿದೆ. 'ನಾನು' ಎಂದು ಬರೆದಿತ್ತು.

ಆಗ ಅವಳನ್ನು ನೋಡಿದೆ. ಎರಡೂವರೆ ತಿಂಗಳಲ್ಲಿ ಮೊದಲ ಸಲ, ನೋಡಬೇಕಾದ ಹಾಗೆ ನೋಡಿದೆ. ಅಂಗಿ ಮೈಗೆ ಒಪ್ಪವಾಗಿ ಕುಳಿತಿತ್ತು. ಎಲ್ಲೂ ಜೋತಿಲ್ಲ, ಎಲ್ಲೂ ಸುಕ್ಕಿಲ್ಲ. ಆದರೆ ಅಂಗಿ ಮುಗಿದಲ್ಲಿ ಕೊರಳಿನ ಮೂಳೆಗಳು ಎದ್ದಿದ್ದವು. ಮಣಿಕಟ್ಟು ನಮ್ಮ ಶಾಲೆಯ ಮಕ್ಕಳ ಮಣಿಕಟ್ಟಿನಷ್ಟಾಗಿತ್ತು.

"ಇಷ್ಟು ಇಳಿದಿದ್ದೀಯ. ನನಗೆ ಕಾಣಲೇ ಇಲ್ವಲ್ಲೇ."

"ಕಾಣಬಾರದು ಅಂತಾನೇ ಹಿಡಿದು ಹೊಲಿದದ್ದು. ಹೊಲಿಯೋಳ ಬಟ್ಟೇನೇ ಜೋತುಬಿದ್ರೆ ಗಿರಾಕಿಗಳು ಬರ್ತಾರಾ?"

ಒಂದೇ ಸೂಜಿ. ಅದರಲ್ಲಿ ನನ್ನದನ್ನು ಬಿಚ್ಚಿ ಹಿಗ್ಗಿಸಿದ್ದಳು, ತನ್ನದನ್ನು ಹಿಡಿದು ಕುಗ್ಗಿಸಿದ್ದಳು. ನಾವಿಬ್ಬರೂ ಇದ್ದ ಹಾಗೇ ಇದ್ದೇವೆಂದು ಜಗತ್ತನ್ನು ನಂಬಿಸಿದ್ದಳು!

"ಊಟ?" ಎಂದೆ.

"ಬ್ರೆಡ್ಡು ಎದೇಲಿ ನಿಲ್ಲುತ್ತೆ. ಅನ್ನಾನೂ ಈಚೆಗೆ ನಿಲ್ಲುತ್ತೆ. ಗಂಜಿ ಇಳಿಯುತ್ತೆ. ನಿಮ್ಮದೇ ಕಾಯಿಲೆ ಅಂದ್ಕೊಂಡೆ ಮೇಷ್ಟ್ರೇ. ಒಂದೇ ಮನೆ, ಒಂದೇ ಅಡುಗೆ, ಬಂದ್ರೆ ಇಬ್ಬರಿಗೂ ಬಂದಿರುತ್ತೆ ಅಂತ. ನೀವು ಮಾಡೋ ಪಥ್ಯಾನೇ ನಾನೂ ಮಾಡ್ತಿದ್ದೆ. ನಿಮಗೆ ಗುಣ ಆಗ್ತಿತ್ತಲ್ಲ, ನನಗೂ ಇವತ್ತಲ್ಲ ನಾಳೆ ಆಗುತ್ತೆ ಅಂತ ಕಾದೆ."

ಗೋಡೆಯ ಕಡೆಗೆ ಕೈ ತೋರಿಸಿದೆ. "ಹತ್ತನೇದು ಓದಲಿಲ್ವಾ? ಕೆಂಪಕ್ಷರದಲ್ಲಿ ಬರೆದಿದ್ದೆನಲ್ಲ!"

"ದಿನಾ ಓದ್ತಿದ್ದೆ. ಮೇಲೆ 'ನನ್ನ ಹತ್ತು ನಿಯಮಗಳು' ಅಂತ ಇತ್ತಲ್ಲ. ಅದು ನಿಮಗೆ ಹೇಳಿದ್ದು ಅಂದ್ಕೊಂಡೆ." ಆಮೇಲೆ ಸೇರಿಸಿದಳು: "ಕೇಳೋಣ ಅಂತ ಎರಡು ಮೂರು ಸಲ ಬಂದೆ. ನೀವು ಮುಂದಿನ ಪೀರಿಯಡ್ಡು ಅಂದ್ರಿ."

ಓದುಗರೇ, ಮೂವತ್ತೈದು ವರ್ಷಗಳಲ್ಲಿ ನಾನು ಅದೆಷ್ಟು ಸಾವಿರ ಉತ್ತರಪತ್ರಿಕೆಗಳನ್ನು ತಿದ್ದಿದ್ದೇನೋ! ಒಂದು ಅಲ್ಪವಿರಾಮ ತಪ್ಪಿದರೂ ಕಣ್ಣಿಗೆ ಬೀಳುತ್ತಿತ್ತು. ನನ್ನ ಮನೆಯ ಮುಂದಿನ ಕೋಣೆಯಲ್ಲಿದ್ದ ಈ ಒಂದು ಪುಸ್ತಕವನ್ನು ನಾನು ತೆರೆದಿರಲಿಲ್ಲ.

ಪೀಪಿಯನ್ನು ಸೊಂಟದಲ್ಲಿ ನೇತಾಡಿಸಿಕೊಂಡೇ ಅವಳನ್ನು ಡಾಕ್ಟರಮ್ಮನ ಬಳಿಗೆ ಕರೆದೊಯ್ದೆ. ನಡೆದಾಗಲೆಲ್ಲ ಅದು ಪ್ಯಾಂಟಿನ ಗುಂಡಿಗೆ ತಾಕಿ ಟಿಣ್ ಟಿಣ್ ಎನ್ನುತ್ತಿತ್ತು. ಕಾಯುವವರ ಸಾಲಿನಲ್ಲಿ ಕುಳಿತಾಗ ಅವಳು ಅದನ್ನು ಕೈಯಲ್ಲಿ ಹಿಡಿದುಕೊಂಡಳು, ಸದ್ದಾಗದಿರಲೆಂದು.

ಅವಳಿಗೂ ಕೊಳವೆ ಇಳಿಸಿದರು. ಅದು ನನ್ನ ಕಾಯಿಲೆಯಾಗಿರಲಿಲ್ಲ. ಅನ್ನನಾಳ ಜಠರವನ್ನು ಸೇರುವಲ್ಲಿ ಒಂದು ಗಡ್ಡೆ. ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಎರಡು ಮೂರು ತಿಂಗಳು ಮುಂಚೆ ಬಂದಿದ್ರೆ..." ಎಂದು ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು. ಆ ವಾಕ್ಯವನ್ನು ನಾನು ಎಷ್ಟೋ ರೀತಿಯಲ್ಲಿ ಪೂರ್ತಿ ಮಾಡಿ ನೋಡಿದ್ದೇನೆ. ಯಾವುದೂ ಚೆನ್ನಾಗಿ ಮುಗಿಯುವುದಿಲ್ಲ.

ಕೆಲವು ವಾರ ನರಕ್ಕೆ ಸೂಜಿ ಚುಚ್ಚಿ ಔಷಧ ಹನಿಸಿದರು. ಆಮೇಲೆ ಆಪರೇಷನ್ ಆಯಿತು. ಗಡ್ಡೆಯನ್ನು ತೆಗೆದರು. "ಎಲ್ಲ ಬಂದಿದೆ ಅಂತ ಈಗಲೇ ಹೇಳೋಕಾಗಲ್ಲ. ಆರು ತಿಂಗಳು ನೋಡೋಣ," ಎಂದರು. ಆ ಆರರಲ್ಲಿ ಈಗ ಎರಡು ಕಳೆದಿವೆ.

ಮನೆಗೆ ಕಳಿಸುವಾಗ ನರ್ಸು ಒಂದು ಚೀಟಿ ಕೊಟ್ಟರು. ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಊಟ, ಚೆನ್ನಾಗಿ ಅಗಿಯುವುದು, ಉಂಡ ಕೂಡಲೇ ಮಲಗಕೂಡದು, ತಲೆಕಡೆ ಎತ್ತರ ಇರಬೇಕು. ಅವಳು ಓದಿ, "ಮೇಷ್ಟ್ರೇ, ಇದು ನಿಮ್ಮ ಗೋಡೆ ನೋಡಿ ಕಾಪಿ ಹೊಡೆದಿದಾರೆ!" ಎಂದಳು.

ಹಾಗಾಗಿ ಇಟ್ಟಿಗೆಗಳು ಈಗ ಅವಳವು. ಜಾರದಿರಲೆಂದು ಅವಳ ಕಾಲ ಕಡೆಗೆ ಒಂದು ದಿಂಬು ಅಡ್ಡ ಇಟ್ಟಿದ್ದೇನೆ. ಗಂಟೆಯೂ ಅವಳದೇ, ನಾನು ಬಾರಿಸುವ ಜವಾನ, ಅಡುಗೆಯವನೂ ನಾನೇ. ಚಿಕ್ಕ ಬಟ್ಟಲಿನಲ್ಲಿ ನಾಲ್ಕು ಚಮಚ ಗಂಜಿ ಹಾಕಿಕೊಟ್ಟರೆ ಎರಡು ಉಳಿಯುತ್ತದೆ. ಮೊದಲ ಸಲ ನಾನು ಮಾಡಿದ ಗಂಜಿಯನ್ನು ಬಾಯಿಗಿಟ್ಟು, "ಇದನ್ನು ಕಾಲರಿಗೆ ಹಾಕಿದ್ರೆ ಗಟ್ಟಿ ನಿಲ್ಲುತ್ತೆ," ಎಂದಳು. ಗೋಡೆಯ ಹಾಳೆ ಹಾಗೇ ಇದೆ. ಶೀರ್ಷಿಕೆಯಲ್ಲಿ 'ನನ್ನ' ಎಂಬುದನ್ನು ಹೊಡೆದುಹಾಕಿದ್ದೇನೆ. ನಾಲ್ಕನೆಯ ನಿಯಮವನ್ನೂ ಹೊಡೆದುಹಾಕಿದ್ದೇನೆ. ಸಂಜೆ ನಾಲ್ಕಕ್ಕೆ ಎದುರುಬದುರು ಕುಳಿತು ಬಿಸಿನೀರು ಕುಡಿಯುತ್ತೇವೆ, ಇಬ್ಬರೂ, ಅದನ್ನೇ ಚಹಾ ಎನ್ನುತ್ತಾ. ಎಂಟು ಊಟಗಳಲ್ಲಿ ಅವಳು ಉಳಿಸಿದ್ದು ಮಾತ್ರ ನನಗೆ. ಹಾಗಾಗಿ ನನ್ನ ಸೊಂಟ ನಿಜಕ್ಕೂ ಮೂವತ್ತೇಳಕ್ಕೆ ಇಳಿದಿದೆ. ಎದೆಯುರಿಯೂ ಇಲ್ಲ. ಯಾರಿಗೂ ತೋರಿಸಿಲ್ಲ.

ಅವಳ ಅಂಗಿಗಳು ಮತ್ತೆ ಸಡಿಲವಾದವು. ಅವಳಿಗೆ ಯಂತ್ರ ತುಳಿಯುವ ಶಕ್ತಿಯಿಲ್ಲ. "ಜೋತುಬೀಳ್ತಿದೆ ಮೇಷ್ಟ್ರೇ, ನೋಡೋಕಾಗಲ್ಲ," ಎಂದಳು. ನಾನು ಕಲಿಯುತ್ತೇನೆಂದೆ. ಅರವತ್ತೊಂದನೆಯ ವಯಸ್ಸಿನಲ್ಲಿ ದಾರ ಪೋಣಿಸಲು ಮೂರು ದಿನ, ನೇರವಾಗಿ ಹೊಲಿಯಲು ಎರಡು ವಾರ. ಅವಳು ಕಿಟಕಿಯ ಬಳಿ ಕುರ್ಚಿಯಲ್ಲಿ ಕುಳಿತು ಪಾಠ ಹೇಳುತ್ತಾಳೆ. ನಾನು ತಪ್ಪಿದಲ್ಲೆಲ್ಲ ಅವಳ ನೀಲಿ ಸೀಮೆಸುಣ್ಣದ ಒಂದು ಗೆರೆ ಬೀಳುತ್ತದೆ.

ಮೊನ್ನೆ ಶನಿವಾರ ಟೇಪು ಹಿಡಿದು ಅವಳ ಎದೆಯ ಅಳತೆ ತೆಗೆದುಕೊಂಡೆ. "ಮೂವತ್ತು... ಉಸಿರು ಬಿಡು."

"ಬಿಟ್ಟೇ ಇದೀನಿ ಮೇಷ್ಟ್ರೇ."

ಪುಸ್ತಕದಲ್ಲಿ ಬರೆದುಕೊಂಡೆ. ಅವಳ ನೀಲಿ ಅಂಗಿಯ ಎರಡೂ ಪಕ್ಕ ಹಿಡಿದು ಹೊಲಿದೆ. ಒಳಗಡೆ ಮೂರು ಮೂರು ಇಂಚು ಬಟ್ಟೆ ಉಳಿಯಿತು. ಕತ್ತರಿ ಎತ್ತಿಕೊಂಡೆ.

"ಅದನ್ನ ಕತ್ತರಿಸಬೇಡಿ."

"ತುಂಬ ಇದೆ ಕಣೆ. ಮೈಗೆ ಒತ್ತುತ್ತೆ."

"ಒತ್ತಲಿ. ಮಡಚಿ ಒಳಗೆ ಬಿಡಿ. ಮುಂದೆ ದಪ್ಪ ಆದಾಗ ಬಿಚ್ಚೋಕೆ ಬೇಕಲ್ಲ."

ನಾನು ಮಡಚಿ ಒಳಗೆ ಬಿಟ್ಟೆ. ಕಣ್ಣು ಮಂಜಾಗಿತ್ತೇನೋ, ಹೊಲಿಗೆ ಹಾವಿನ ಹಾಗೆ ಹರಿದಾಡಿತು. ಕೈಗೆ ಕೊಟ್ಟೆ. ಹೊರಳಿಸಿ ನೋಡಿ, ನೀಲಿ ಸೀಮೆಸುಣ್ಣದಿಂದ ಉದ್ದಕ್ಕೂ ಅಡ್ಡಗೆರೆ ಎಳೆದು, ನಾನು ಮೂವತ್ತೈದು ವರ್ಷ ಮಕ್ಕಳಿಗೆ ಹೇಳಿದ್ದ ಮಾತನ್ನು ನನಗೇ ತಿರುಗಿಸಿ ಹೇಳಿದಳು: "ಚೆನ್ನಾಗಿಲ್ಲ ಮೇಷ್ಟ್ರೇ. ಮೊದಲಿಂದ ಮಾಡ್ಕೊಂಡು ಬನ್ನಿ!"

ಈಗ ನಾನಿದನ್ನು ಬರೆಯುತ್ತಿರುವಾಗ ಅವಳು ಕಿಟಕಿಯ ಬೆಳಕಿನಲ್ಲಿ ಕುಳಿತು, ಸಣ್ಣ ಕತ್ತರಿ ಹಿಡಿದು, ನನ್ನ ಹೊಲಿಗೆಯನ್ನು ಒಂದೊಂದೇ ಎಳೆಯಾಗಿ ಬಿಚ್ಚುತ್ತಿದ್ದಾಳೆ. ಒಳಗಿನ ಬಟ್ಟೆಗೆ ಮಾತ್ರ ಕತ್ತರಿ ತಾಕದ ಹಾಗೆ ಹುಷಾರಾಗಿ ಹಿಡಿದುಕೊಂಡಿದ್ದಾಳೆ.